ಕ್ಷೌರಕತ್ತಿಯ ವ್ರಣಗಳು

ವರಾಹಮಿಹಿರನ ‘ಬೃಹತ್ಸಂಹಿತೆ’ಯನ್ನು ಜ್ಯೋತಿಷದ ಗ್ರಂಥವೆಂದು ಬದಿಗಿಡುವವರೇ ನಮ್ಮಲ್ಲಿ ಹೆಚ್ಚು. ಆರನೆಯ ಶತಮಾನದ ಆ ದೊಡ್ಡ ಕೃತಿಯಲ್ಲಿ ಮಳೆ, ಮನೆ, ಮರ, ಮಣಿ, ಸುಗಂಧದ್ರವ್ಯ ಮೊದಲಾದ ಎಲ್ಲಕ್ಕೂ ಎಡೆಯುಂಟು. ಖಡ್ಗಲಕ್ಷಣವೆಂಬ ಪುಟ್ಟ ಅಧ್ಯಾಯವೂ ಒಂದುಂಟು. ೫೦ ಅಂಗುಲದ ಕತ್ತಿ ಉತ್ತಮ, ೨೫ ಅಂಗುಲದ್ದು ಕನಿಷ್ಠ ಎಂದು ಅಳತೆ ಹೇಳಿದೊಡನೆಯೇ ಅವನು ಅಲಗಿನ ಮೇಲಿನ ‘ವ್ರಣ’ಗಳ ಮಾತನ್ನೆತ್ತುತ್ತಾನೆ. ವ್ರಣವೆಂದರೆ ನಮಗೆ ಮೈಮೇಲಿನ ಹುಣ್ಣು. ಅವನಿಗೆ ಅದು ಲೋಹದ ಮೈಮೇಲಿನ ಊನ. ಬೆಸ ಸಂಖ್ಯೆಯ ಅಂಗುಲದಲ್ಲಿ ಬಿದ್ದ ವ್ರಣ ಅಶುಭವಂತೆ. ಕೊಡೆಯಂತೆ, ಕಮಲದಂತೆ, ಶಿವಲಿಂಗದಂತೆ ಕಾಣುವ ವ್ರಣ ಪ್ರಶಸ್ತ. ಓತಿಕೇತ, ಕಾಗೆ, ಚೇಳುಗಳನ್ನು ಹೋಲುವುದು ನಿಂದ್ಯ. ಶಕುನದ ಭಾಗವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಆದರೆ ಅಲಗಿನ ಮೇಲೆ ಊನವೊಂದು ಕಂಡಾಗ ‘ಅದು ಎಷ್ಟು ದೊಡ್ಡದು’ ಎಂದು ಕೇಳುವ ಮೊದಲು ‘ಅದು ಎಲ್ಲಿದೆ’ ಎಂದು ಕೇಳಿದನಲ್ಲ, ಆ ಕ್ರಮ ಮಾತ್ರ ನೂರಕ್ಕೆ ನೂರು ಸರಿ. ನಾನು ಈ ಹೊತ್ತು ಹೇಳಹೊರಟಿರುವುದು ಖಡ್ಗದ ವಿಷಯವಲ್ಲ. ಅದರ ಬಡ ನೆಂಟನಾದ ಕ್ಷೌರದ ಕತ್ತಿಯ ವಿಷಯ, ಅದರಲ್ಲಿಯೂ ತುಕ್ಕು ತಿಂದು ಕುಳಿಬಿದ್ದ ಕತ್ತಿಯನ್ನು ಮಸೆಯುವ ವಿಷಯ.

ಕನ್ನಡದ ಅಧ್ಯಾಪಕನೊಬ್ಬ ಇಂಥ ಮಾತಿಗೇಕೆ ಇಳಿದನೆಂದು ಕೇಳುಗರಿಗೆ ಅಚ್ಚರಿಯಾಗಬಹುದು. ಹಿಡಿಯೊಳಗೆ ಮಡಿಚಿಡುವ ಹಳೆಯ ಕತ್ತಿಯಿಂದ ನನ್ನ ಗಡ್ಡವನ್ನು ನಾನೇ ಹೆರೆದುಕೊಳ್ಳುವುದು ನನ್ನ ನಲವತ್ತು ವರ್ಷಗಳ ರೂಢಿ. ಅದನ್ನು ಮಸೆಯುವ ಪಾಠ ನನಗಾದದ್ದು ನಮ್ಮ ಮನೆಯ ಜಗಲಿಯ ಮೇಲೆ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಹಿರಿಯ ಕ್ಷೌರಿಕರೊಬ್ಬರಿಂದ. ನಮ್ಮ ಭಾಷೆಗೂ ಈ ವಸ್ತುವಿಗೂ ನಂಟು ಚಿಕ್ಕದಲ್ಲ. ಕ್ಷೌರವೆಂಬ ಮಾತು ಹುಟ್ಟಿದ್ದೇ ‘ಕ್ಷುರ’ದಿಂದ, ಅಂದರೆ ಈ ಕತ್ತಿಯಿಂದ. ಆತ್ಮಜ್ಞಾನದ ದಾರಿ ಎಷ್ಟು ಕಠಿನವೆಂದು ಹೇಳಲು ಕಠೋಪನಿಷತ್ತು ಎತ್ತಿಕೊಂಡ ಉಪಮಾನವೂ ಇದರ ಅಂಚೇ. ಕನ್ನಡದಲ್ಲಿ ಕತ್ತಿಗೆ ‘ಬಾಯಿ’ ಇದೆ. ಕೆಟ್ಟರೆ ಬಾಯಿ ಹೋಯಿತು ಎನ್ನುತ್ತೇವೆ. ಬೆನ್ನು ಇದೆ, ಬಾಲ ಇದೆ. ಒಂದು ಪ್ರಾಣಿಯ ಮೈಯನ್ನು ಹೆಸರಿಸಿದಂತೆ ಇದರ ಮೈಯನ್ನೂ ನಮ್ಮವರು ಹೆಸರಿಸಿದ್ದಾರೆ.

ಆ ಮೈಯ ರಚನೆಯನ್ನು ಮೊದಲು ತಿಳಿಯಬೇಕು. ಅಲಗಿನ ಬೆನ್ನು ದಪ್ಪ. ಅಲ್ಲಿಂದ ಎರಡು ಪಕ್ಕೆಗಳೂ ಒಳಕ್ಕೆ ಬಾಗಿ, ಬಾಯಿಯ ಹತ್ತಿರ ಕಾಗದದಷ್ಟು ತೆಳ್ಳಗಾಗುತ್ತವೆ. ಬಾಯಿಯ ಉದ್ದಕ್ಕೂ ಎರಡೂ ಕಡೆ ಒಂದು ಮಿಲಿಮೀಟರಿಗಿಂತ ಕಿರಿದಾದ ಹೊಳೆಯುವ ಪಟ್ಟಿಯಿದೆ. ಕಲ್ಲು ತಾಗುವ ಜಾಗ ಅದು. ಅದನ್ನು ಓರೆಯಂಚು ಎಂದು ಕರೆಯೋಣ. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿದಾಗ ಬೆನ್ನೂ ಓರೆಯಂಚೂ ಒಟ್ಟಿಗೆ ಕಲ್ಲನ್ನು ಮುಟ್ಟುತ್ತವೆ, ನಡುವಿನ ಬಳುಕು ಮುಟ್ಟುವುದಿಲ್ಲ. ಹೀಗಾಗಿ ಮಸೆಯುವವನು ಕೋನವನ್ನು ಊಹಿಸಬೇಕಾಗಿಯೇ ಇಲ್ಲ. ಬೆನ್ನಿನ ದಪ್ಪ, ಅಲಗಿನ ಅಗಲ ಇವೆರಡೇ ಅದನ್ನು ಗೊತ್ತುಮಾಡಿಬಿಟ್ಟಿರುತ್ತವೆ. ಬೆನ್ನು ನಾಲ್ಕೂವರೆ ಮಿಲಿಮೀಟರು, ಅಗಲ ೧೬ ಮಿಲಿಮೀಟರು ಇದ್ದರೆ ಬಾಯಿಯ ಕೋನ ಸುಮಾರು ೧೬ ಡಿಗ್ರಿ. ಅಡಿಗೆಮನೆಯ ಚೂರಿಯನ್ನು ಮಸೆಯಲು ಕೈ ಪಳಗಬೇಕು. ಈ ಕತ್ತಿಯಲ್ಲಿ ಆ ಜಾಣತನ ಅರ್ಧ ಅಲಗಿನಲ್ಲಿಯೇ ಅಡಗಿದೆ. ಹಾಗಿದ್ದರೂ ತುಕ್ಕು ಹಿಡಿದ ಕತ್ತಿಯ ಮುಂದೆ ಪಳಗಿದವರೂ ಸೋಲುವುದುಂಟು. ಕಾರಣ, ತುಕ್ಕು ಹೊಕ್ಕ ಜಾಗದಲ್ಲಿ ಇರುವುದು ಉಕ್ಕಲ್ಲ, ಉಕ್ಕಿನ ಅಭಾವ.

ತುಕ್ಕಿನಲ್ಲಿ ಎರಡು ಬಗೆ. ಮೊದಲನೆಯದು ಮೇಲ್ಮೈಗೆ ಕೆಂಪು ಹುಡಿಯಂತೆ ಅಂಟಿಕೊಂಡದ್ದು. ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ, ಕೆಳಗಿನ ಲೋಹ ಮಾಸಿದಂತೆ ಕಂಡರೂ ಗಟ್ಟಿಯಾಗಿರುತ್ತದೆ. ಬಳಸಿದ ಉಕ್ಕಿನ ಮೇಲೆ ಕಾಲಕ್ರಮದಲ್ಲಿ ಏಳುವ ಬೂದುಗಪ್ಪು ಛಾಯೆಯನ್ನಂತೂ ತುಕ್ಕೆಂದು ಭ್ರಮಿಸಿ ಕೆರೆಯಬಾರದು. ಅದು ಒಂದು ಮಟ್ಟಿಗೆ ರಕ್ಷಣೆಯೇ. ಎರಡನೆಯ ಬಗೆ ಕುಳಿ. ಅದರ ಹುಟ್ಟು ವಿಚಿತ್ರವಾದದ್ದು. ನುಣುಪಾದ ಉಕ್ಕಿನ ಮೇಲೆ ಒಂದು ಹನಿ ಉಪ್ಪುನೀರು ಬಿದ್ದಿದೆ ಎನ್ನಿ. ಹನಿಯ ಅಂಚಿನಲ್ಲಿ ನೀರು ತೆಳು, ಅಲ್ಲಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ನಡುವಿನ ಆಳಕ್ಕೆ ಸಿಗುವುದಿಲ್ಲ. ಆಮ್ಲಜನಕ ಹೆಚ್ಚಿರುವೆಡೆ ಲೋಹ ಹೆಚ್ಚು ಕೆಡಬೇಕೆಂದು ನಾವು ತರ್ಕಿಸುತ್ತೇವೆ. ಆಗುವುದು ಇದಕ್ಕೆ ತಿರುಗುಮುರುಗು: ಗಾಳಿ ಸಿಗದ ನಡುವಿನಲ್ಲಿಯೇ ಕಬ್ಬಿಣ ಕರಗುತ್ತದೆ, ಕರಗಿದ್ದು ಸುತ್ತ ಬಂದು ತುಕ್ಕಿನ ಉಂಗುರವಾಗಿ ಕೂರುತ್ತದೆ. ಒಂದು ಹನಿಯೊಳಗೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟಿರುತ್ತದೆಂಬುದನ್ನು ಕೇಂಬ್ರಿಜ್‌ನ ಯು. ಆರ್. ಎವನ್ಸ್ ೧೯೨೦ರ ದಶಕದಲ್ಲಿ ಹನಿಯ ಪ್ರಯೋಗದಿಂದಲೇ ತೋರಿಸಿಕೊಟ್ಟರು.

ಒಮ್ಮೆ ತೂತು ಬಿದ್ದ ಮೇಲೆ ಅದು ತನ್ನ ಕೆಲಸವನ್ನು ತಾನೇ ಮುಂದುವರಿಸುತ್ತದೆ. ಉಪ್ಪಿನ ಕ್ಲೋರೈಡು ಕುಳಿಯೊಳಕ್ಕೆ ಸೇರುತ್ತದೆ, ಒಳಗಿನ ನೀರು ಹುಳಿಯಾಗುತ್ತದೆ, ಹುಳಿ ಇನ್ನಷ್ಟು ಕಬ್ಬಿಣವನ್ನು ಕರಗಿಸುತ್ತದೆ. ಮೇಲೆ ತುಕ್ಕಿನ ಮುಚ್ಚಳ ಕೂತು ಗಾಳಿಯನ್ನು ತಡೆಯುವುದರಿಂದ ಒಳಗಿನ ವ್ಯವಹಾರಕ್ಕೆ ಇನ್ನೂ ಅನುಕೂಲ. ಎಷ್ಟೋ ಕುಳಿಗಳು ಬಾಯಿ ಕಿರಿದಾಗಿ, ಹೊಟ್ಟೆ ಹಿರಿದಾಗಿ ಬೆಳೆಯುತ್ತವೆ. ನಮ್ಮ ಕಡೆಯ ಮಣ್ಣಿನ ಗಡಿಗೆಯ ಹಾಗೆ. ಕಣ್ಣಿಗೆ ಕಾಣುವುದು ಗಡಿಗೆಯ ಬಾಯಿ ಮಾತ್ರ. ಮಸೆಯುವವನಿಗೆ ಒದಗುವ ತೊಡಕೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಡಬ್ಬಿಯೊಳಗೆ ಭದ್ರವಾಗಿಟ್ಟ ಕತ್ತಿ ಹೇಗೆ ತುಕ್ಕು ಹಿಡಿಯಿತು ಎಂದು ಹಲವರು ಕೇಳುತ್ತಾರೆ. ಭದ್ರವಾಗಿಟ್ಟದ್ದರಿಂದಲೇ ಎಂಬುದು ಉತ್ತರ. ಕರಾವಳಿಯ ಗಾಳಿಯಲ್ಲಿ ತೇವವೂ ಉಂಟು, ಉಪ್ಪೂ ಉಂಟು; ಮುಚ್ಚಿದ ಡಬ್ಬಿ ಅವನ್ನು ಒಳಗೇ ಹಿಡಿದಿಡುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಅದು ತೇವವನ್ನು ಹೀರಿಕೊಂಡು ಅಲಗಿಗೆ ಒತ್ತಿ ಹಿಡಿಯುತ್ತದೆ, ಚರ್ಮ ಹದಮಾಡಿದ ಹುಳಿಯೂ ಅದರೊಂದಿಗೆ ಸೇರುತ್ತದೆ. ಹಿಡಿಯ ಒಳಗೆ ಉಳಿದ ಸಾಬೂನು, ಬೆವರು ಸಾಲದೆ? ಇನ್ನೊಂದು ಗುಪ್ತ ಶತ್ರುವಿದೆ. ಹಳೆಯ ಕತ್ತಿಗಳ ಹಿಡಿಗಳನ್ನು ಆಮೆಚಿಪ್ಪಿನಂತೆಯೋ ದಂತದಂತೆಯೋ ತೋರುವ ಸೆಲ್ಯುಲಾಯ್ಡಿನಿಂದ ಮಾಡುತ್ತಿದ್ದರು. ಹಳತಾದಂತೆ ಆ ವಸ್ತು ತಾನೇ ಕೊಳೆಯತೊಡಗಿ ಸಾರಜನಕದ ಆಮ್ಲೀಯ ಅನಿಲವನ್ನು ಬಿಡುತ್ತದೆ. ಹಿಡಿಯೊಳಗೆ ಮಡಿಚಿಟ್ಟ ಅಲಗಿಗೆ ಅದಕ್ಕಿಂತ ಹತ್ತಿರದ ವಿಷ ಬೇರೆಯಿಲ್ಲ. ಹಿಡಿಯಿಂದ ಕರ್ಪೂರವನ್ನೂ ಹುಳಿಯನ್ನೂ ಬೆರೆಸಿದಂಥ ವಾಸನೆ ಬಂದರೆ ಅಲಗನ್ನು ಅದರಿಂದ ಬೇರೆಮಾಡಿ ಬಿಡಬೇಕು. ಹಿಡಿಯ ಚೆಂದಕ್ಕೆ ಮರುಳಾಗಬಾರದು.

ಈ ಮಾತುಗಳಿಗೆಲ್ಲ ಒಂದು ನಿಮಿತ್ತವಿದೆ. ನನಗೆ ಮಸೆಯಲು ಕಲಿಸಿದ ಹಿರಿಯರ ಮೊಮ್ಮಗ ಈಗ ನಮ್ಮ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಕೆಲಸವೆಲ್ಲ ಇಂದಿನ ರೀತಿಯದು: ಹಿಡಿಗೆ ಅರ್ಧ ಬ್ಲೇಡು ಸಿಕ್ಕಿಸುವುದು, ಒಬ್ಬರಿಗೆ ಬಳಸಿದ್ದನ್ನು ಎಸೆಯುವುದು. ೧೯೯೦ರ ದಶಕದಲ್ಲಿ ಏಡ್ಸ್ ಕುರಿತ ಎಚ್ಚರ ಹಬ್ಬಿದ ಮೇಲೆ ನಮ್ಮ ಅಂಗಡಿಗಳಲ್ಲಿ ಈ ಪದ್ಧತಿ ನೆಲೆಯೂರಿತು. ನೆಲೆಯೂರಿದ್ದು ಒಳ್ಳೆಯದೇ ಆಯಿತು. ಆದರೆ ಅದರೊಂದಿಗೆ ಕಲ್ಲು, ತೊಗಲಪಟ್ಟಿ, ಮಸೆಯುವ ವಿದ್ಯೆ ಎಲ್ಲವೂ ಅಟ್ಟ ಸೇರಿದವು. ಕಳೆದ ಮಳೆಗಾಲದ ಕೊನೆಯಲ್ಲಿ ಆ ಹುಡುಗ ಬಟ್ಟೆಯಲ್ಲಿ ಸುತ್ತಿದ ಕತ್ತಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. “ಅಜ್ಜನದು, ಸರ್. ಮಗನ ಮುಡಿ ತೆಗೆಸಬೇಕು. ಅದನ್ನು ಇದರಲ್ಲೇ ಮಾಡಬೇಕೆಂದು ಅಪ್ಪನ ಆಸೆ. ಆಗುತ್ತದೆಯೇ ನೋಡಿ” ಎಂದ.

ಬಾಲದ ಮೇಲೆ ಸೋಲಿಂಗೆನ್ ಎಂಬ ಮುದ್ರೆ ಇನ್ನೂ ಓದುವಂತಿತ್ತು. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಇವೆರಡು ಊರುಗಳ ಕತ್ತಿಗಳೇ ಒಂದು ಕಾಲದಲ್ಲಿ ಜಗತ್ತಿನ ಗಡ್ಡಗಳನ್ನೆಲ್ಲ ಆಳಿದವು. ಆ ಅಲಗನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅದರ ಯಜಮಾನರು ಅದನ್ನು ಕಿವಿಯ ಬಳಿ ಹಿಡಿದು ಉಗುರಿನಿಂದ ಮೀಟಿ, ಸಣ್ಣ ಗಂಟೆಯಂಥ ನಾದವನ್ನು ಕೇಳಿ ತಲೆದೂಗುತ್ತಿದ್ದುದು ನೆನಪಿದೆ. ಈಗ ಅದು ಕಂದುಬಣ್ಣದ ಎಲೆಯ ಹಾಗೆ ಕಾಣುತ್ತಿತ್ತು.

ಮೊದಲ ಕೆಲಸ ಎಣ್ಣೆಯದು. ಹೊಲಿಗೆಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ಹಚ್ಚಿ ಒಂದು ರಾತ್ರಿ ಬಿಟ್ಟರೆ ಮೇಲಿನ ಹುಡಿ ಸಡಿಲವಾಗುತ್ತದೆ. ಹಿತ್ತಾಳೆಯ ಪಾತ್ರೆಗೆ ಹಚ್ಚುವಂತೆ ಹುಣಿಸೆಹಣ್ಣು, ನಿಂಬೆ ಹಚ್ಚುವವರಿದ್ದಾರೆ. ತುಕ್ಕು ಹೋಗುವುದೇನೋ ನಿಜ, ಆದರೆ ಹುಳಿ ಕುಳಿಯೊಳಗೆ ಉಳಿದು ಬಂದ ಕೆಲಸವನ್ನು ಬಿಟ್ಟು ಬೇರೆ ಕೆಲಸ ಹಿಡಿಯುತ್ತದೆ. ಎಣ್ಣೆಯಾದ ಮೇಲೆ ಅಲಗನ್ನು ಮರದ ಹಲಗೆಯ ಮೇಲೆ ಮಲಗಿಸಿ, ಬಾಟಲಿಯ ಬಿರಡೆಗೆ ನಯವಾದ ಎಮರಿ ಕಾಗದ ಸುತ್ತಿ, ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಉಜ್ಜಬೇಕು. ಹಲಗೆಯ ಆಸರೆ ಏಕೆಂದರೆ ತೆಳುವಾದ ಭಾಗ ಬಾಗಿದರೆ ಮುರಿಯುತ್ತದೆ. ಬಾಯಿಯ ಕಡೆಗೇ ಏಕೆಂದರೆ ಹಿಂದಕ್ಕೆಳೆದರೆ ಕಾಗದವೂ ಬೆರಳೂ ಒಟ್ಟಿಗೆ ಹೋಗುತ್ತವೆ. ಬೆನ್ನನ್ನು ಮಾತ್ರ ಮುಟ್ಟಕೂಡದು. ಕೋನವನ್ನು ಕಾಯುವುದು ಅದೇ ಎಂದು ಆಗಲೇ ಹೇಳಿದೆನಲ್ಲ.

ಇಷ್ಟಾದ ಮೇಲೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ಹಿಡಿದು ಕೂತೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಇದಕ್ಕೆ ಸಾಕು. ಬಾಲದ ಬಳಿ ಕುಳಿಗಳ ಗುಂಪೇ ಇತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆನ್ನಿನ ಕೆಳಗೆ ನಾಲ್ಕಾರು ಇದ್ದವು; ಅವು ಕೂದಲನ್ನು ಎಂದಿಗೂ ಮುಟ್ಟವು, ಎಣ್ಣೆಯಿಂದ ಒಣಗಿಸಿಟ್ಟರೆ ನೂರು ವರ್ಷ ಹಾಗೆಯೇ ಇರಬಲ್ಲವು. ಅಲಗಿನ ನಡುವಿನ ತೆಳುಭಾಗದಲ್ಲಿ ಒಂದು. ಇದರ ಬಗೆಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿನ ಉಕ್ಕು ಮಿಲಿಮೀಟರಿನ ಕೆಲವೇ ಹತ್ತನೆಯ ಭಾಗಗಳಷ್ಟು ದಪ್ಪ. ಆ ಪಕ್ಕೆಯಿಂದಲೂ ಈ ಪಕ್ಕೆಯಿಂದಲೂ ಕುಳಿ ಬಿದ್ದು ಸಂಧಿಸಿದರೆ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಬಿರುಕನ್ನು ಹಿಡಿಯಲು ರೈಲ್ವೆ ಕಾರ್ಖಾನೆಗಳಲ್ಲಿ ಗಾಲಿಯ ಅಚ್ಚುಗಳಿಗೆ ಮಾಡುತ್ತಿದ್ದ ಹಳೆಯ ಉಪಾಯವೊಂದಿದೆ: ತೆಳುವಾದ ಎಣ್ಣೆ ಹಚ್ಚಿ, ಹೊತ್ತು ಬಿಟ್ಟು ಒರೆಸಿ, ಸುಣ್ಣದ ಬಿಳಿಯ ಹುಡಿ ಉದುರಿಸುವುದು. ಬಿರುಕಿದ್ದರೆ ಒಳಗೆ ಅವಿತ ಎಣ್ಣೆ ಮೇಲೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಬರೆಯುತ್ತದೆ. ಸೀಮೆಎಣ್ಣೆ, ಹುಡಿಮಾಡಿದ ಸೀಮೆಸುಣ್ಣಗಳಿಂದ ನೋಡಿದೆ. ಗೆರೆ ಮೂಡಲಿಲ್ಲ. ಮೂಡಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬಿರುಕುಬಿಟ್ಟ ಕತ್ತಿಯನ್ನು ಯಾವ ಕಲ್ಲೂ ಉದ್ಧರಿಸಲಾರದು.

ಉಳಿದವು ಎರಡು ಚುಕ್ಕೆಗಳು. ಒಂದು ಓರೆಯಂಚಿನಲ್ಲಿಯೇ, ತುದಿಯಿಂದ ಮೂರನೆಯ ಒಂದು ಭಾಗದಲ್ಲಿ, ಸಾಸಿವೆಯ ಕಾಲುಭಾಗದಷ್ಟು. ಇನ್ನೊಂದು ಬಾಯಿಯಿಂದ ಸುಮಾರು ಒಂದು ಮಿಲಿಮೀಟರು ಮೇಲೆ. ವರಾಹಮಿಹಿರನ ಪ್ರಶ್ನೆಗೆ ಇಲ್ಲಿ ಅರ್ಥ ಬಂದಿತು. ಸೂಕ್ಷ್ಮವಾದ ಬಾಯಿ ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ, ಅಂದರೆ ನಮ್ಮ ಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇರದು. ಅಷ್ಟು ತೆಳು ಅಂಚಿನಲ್ಲಿ ಕುಳಿಯೊಂದು ಎದುರಾದರೆ ಅಂಚು ಅಲ್ಲಿ ಇರುವುದೇ ಇಲ್ಲ. ಅದರ ಎರಡು ದಡಗಳು ಗರಗಸದ ಹಲ್ಲುಗಳಂತೆ ನಿಂತು ಕೂದಲನ್ನು ಕತ್ತರಿಸದೆ ಜಗ್ಗುತ್ತವೆ, ಚರ್ಮವನ್ನು ಗೀರುತ್ತವೆ.

ಸಾವಿರದ ಸಂಖ್ಯೆಯ ಕಲ್ಲನ್ನು ನೆನೆಸಿ ಕೆಲಸ ಶುರುಮಾಡಿದೆ. ಬೆನ್ನು ಸವೆಯದಿರಲೆಂದು ವಿದ್ಯುತ್ ತಂತಿಗೆ ಸುತ್ತುವ ಟೇಪಿನ ಒಂದು ಪದರ ಅದಕ್ಕೆ. ಕಲ್ಲು ಎಲ್ಲಿ ತಾಗುತ್ತಿದೆಯೆಂದು ತಿಳಿಯಲು ಓರೆಯಂಚಿಗೆ ಮಾರ್ಕರ್ ಪೆನ್ನಿನ ಶಾಯಿ. ಶಾಯಿ ಅಳಿಸಿದೆಡೆ ಕಲ್ಲು ತಾಗಿತೆಂದು ಅರ್ಥ, ಉಳಿದೆಡೆ ಇಲ್ಲ. ಕೈಯ ಭಾರಕ್ಕಿಂತ ಹೆಚ್ಚು ಒತ್ತಡ ಬೇಡ, ಬಾಯಿ ಮುಂದಾಗಿ ಒಂದು ಸಲ, ಬೆನ್ನಿನ ಮೇಲೆ ಹೊರಳಿಸಿ ಇನ್ನೊಂದು ಸಲ. ಅರ್ಧ ಗಂಟೆ ಕಳೆದು ಮಸೂರದಲ್ಲಿ ನೋಡಿದರೆ ಚುಕ್ಕೆ ಚಿಕ್ಕದಾಗುವ ಬದಲು ದೊಡ್ಡದಾಗಿತ್ತು! ಹೊಸಬರು ಕೈಚೆಲ್ಲುವುದು ಇಲ್ಲಿ. ತಮ್ಮ ಕೈ ಕೆಟ್ಟಿತೆಂದೋ ಕಲ್ಲು ಕೆಟ್ಟದ್ದೆಂದೋ ಕಲ್ಲನ್ನು ಬದಲಾಯಿಸುತ್ತಾರೆ. ಕೆಟ್ಟಿರುವುದು ಯಾವುದೂ ಅಲ್ಲ. ಗಡಿಗೆಯ ಬಾಯಿ ಸವೆದು ಹೊಟ್ಟೆ ತೆರೆದುಕೊಂಡಿದೆ, ಅಷ್ಟೆ. ಹೊಟ್ಟೆಯ ಅತಿ ಅಗಲವಾದ ಭಾಗ ದಾಟಿದ ಮೇಲೆ ಚುಕ್ಕೆ ತಾನಾಗಿ ಕಿರಿದಾಗತೊಡಗುತ್ತದೆ. ಕುಳಿಯನ್ನು ತುಂಬುವ ಉಪಾಯವೆಂಬುದಿಲ್ಲ. ಅದರ ಸುತ್ತಲ ನೆಲವನ್ನೆಲ್ಲ ಅದರ ತಳದ ಮಟ್ಟಕ್ಕೆ ಇಳಿಸುವುದೊಂದೇ ದಾರಿ, ಎಂದರೆ ಒಂದು ಸಾಸಿವೆಯ ಕಾಲುಭಾಗಕ್ಕಾಗಿ ಅಲಗಿನ ಉದ್ದಕ್ಕೂ ಒಳ್ಳೆಯ ಉಕ್ಕನ್ನು ತೆರಬೇಕು.

ಈ ತೆರಿಗೆಯನ್ನು ಒಮ್ಮೆಗೇ ಕಟ್ಟುವ ಅವಸರದವರೂ ಇದ್ದಾರೆ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬ್ರೆಡ್ಡು ಕೊಯ್ಯುವಂತೆ ನಾಲ್ಕು ಸಲ ಎಳೆದು, ಕೆಟ್ಟ ಬಾಯಿಯನ್ನು ಪೂರ್ತಿಯಾಗಿ ಬೋಳಿಸಿ, ಆಮೇಲೆ ಹೊಸ ಓರೆಯಂಚನ್ನು ಕಟ್ಟುತ್ತಾರೆ. ಅಂಚಿನಲ್ಲಿ ದೊಡ್ಡ ಹಲ್ಲು ಮುರಿದಿದ್ದರೆ ಅದು ಸರಿಯಾದ ಕ್ರಮವೇ. ತುಕ್ಕಿನ ಕುಳಿಗೆ ನನಗೆ ಅದು ಸೇರದು; ಎಷ್ಟು ಆಳವಿದೆಯೆಂದು ತಿಳಿಯದ ಹಳ್ಳಕ್ಕಾಗಿ ಮೊದಲೇ ದಂಡ ತೆತ್ತಂತಾಗುತ್ತದೆ. ಅಚ್ಚರಿಯೆಂದರೆ ಇಲ್ಲಿಯೂ ವರಾಹಮಿಹಿರ ನನ್ನ ಕಡೆಗಿದ್ದಾನೆ. ಸಿದ್ಧವಾದ ಖಡ್ಗ ಅಳತೆ ಮೀರಿದ್ದರೆ ಅದನ್ನು ಕತ್ತರಿಸಬಾರದು, ಕಲ್ಲಿನಿಂದ ತೇಯ್ದೇ ಅಳತೆಗೆ ತರಬೇಕು ಎನ್ನುತ್ತಾನೆ. ಬುಡದಲ್ಲಿ ಕತ್ತರಿಸಿದರೆ ಒಡೆಯನಿಗೆ ಕೇಡು, ತುದಿಯಲ್ಲಿ ಕತ್ತರಿಸಿದರೆ ಅವನ ತಾಯಿಗೆ ಕೇಡು ಎಂದು ಹೆದರಿಸಿಯೂ ಇದ್ದಾನೆ. ಅವಸರದ ಕಮ್ಮಾರರನ್ನು ತಡೆಯಲು ಆ ಕಾಲಕ್ಕೆ ಬೇರೆ ಉಪಾಯ ತೋರಿರಲಾರದು.

ಮೂರು ಸಂಜೆಗಳಲ್ಲಿ ಅಗಲದಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ಸವೆಯಿತು. ಅದು ಹೆಚ್ಚಲ್ಲ, ೧೬ ಮಿಲಿಮೀಟರಿನ ಅಲಗಿನಲ್ಲಿ ಇಷ್ಟು ಹೋದರೆ ಬಾಯಿಯ ಕೋನ ಒಂದು ಡಿಗ್ರಿಯಷ್ಟೂ ಹೆಚ್ಚುವುದಿಲ್ಲ. ಮೊದಲನೆಯ ಚುಕ್ಕೆ ಮಾಯವಾಯಿತು. ದೀಪದ ಕೆಳಗೆ ಬಾಯಿಯನ್ನು ಮೇಲುಮುಖವಾಗಿ ಹಿಡಿದು ನೋಡುವುದು ಹಳೆಯ ಪರೀಕ್ಷೆ: ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸದು, ಕಪ್ಪು ಗೆರೆಯಾಗಿ ಕಾಣುತ್ತದೆ, ಎಲ್ಲಿ ನಕ್ಷತ್ರದಂತೆ ಮಿನುಗಿತೋ ಅಲ್ಲಿ ಮೊಂಡು ಅಥವಾ ಮುಕ್ಕು. ಈಗ ಮಿನುಗು ಎಲ್ಲಿಯೂ ಇರಲಿಲ್ಲ. ಮುಂದೆ ನಾಲ್ಕು ಸಾವಿರದ ಕಲ್ಲು, ಎಂಟು ಸಾವಿರದ್ದು, ಕೊನೆಗೆ ಬೆಲ್ಜಿಯಂನ ಆರ್ಡೆನ್ಸ್ ಸೀಮೆಯ ಹಳದಿಕಲ್ಲು. ಸೂಕ್ಷ್ಮವಾದ ಗಾರ್ನೆಟ್ ಹರಳುಗಳು ಹುದುಗಿರುವ ಆ ಕಲ್ಲನ್ನು ಅಲ್ಲಿ ಶತಮಾನಗಳಿಂದ ಅಗೆದು ತೆಗೆಯುತ್ತಾರೆ. ಕ್ಷೌರಿಕರಿಗೆ ಅದು ಸ್ಫಟಿಕಮಣಿಯಷ್ಟೇ ಪ್ರಿಯ. ಆಮೇಲೆ ತೊಗಲಪಟ್ಟಿಯ ಮೇಲೆ, ಬೆನ್ನು ಮುಂದಾಗಿ, ಐವತ್ತು ಅರುವತ್ತು ಸಲ. ಇಲ್ಲಿಗೆ ಬರುವ ಹೊತ್ತಿಗೆ ಕೈಗೆ ದಣಿವಿರುತ್ತದೆ, ಮನಸ್ಸಿಗೆ ಹಿಗ್ಗಿರುತ್ತದೆ.

ನಡುವೆ ಒಂದು ಎಚ್ಚರಿಕೆಯ ಮಾತು. ಹಳೆಯ ಕತ್ತಿಗಳನ್ನು ಕನ್ನಡಿಯಂತೆ ಹೊಳೆಸಿ ಮಾರುವವರಿದ್ದಾರೆ; ಬಟ್ಟೆಯ ಚಕ್ರಕ್ಕೆ ಹಿಡಿದರೆ ನಿಮಿಷದಲ್ಲಿ ಹೊಳಪು ಬರುತ್ತದೆ. ಕುಳಿಯ ದಡಗಳು ಸವೆದು ದುಂಡಾಗಿ ಅದರ ಬಾಯಿ ಕಣ್ಣಿಗೆ ಸಿಕ್ಕದಂತಾಗುತ್ತದೆ, ಹೊಟ್ಟೆ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಕೇಡು ಚಕ್ರದ ಕಾವು. ಕ್ಷೌರದ ಉಕ್ಕನ್ನು ಹದಗೊಳಿಸುವುದು ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ತೆಳು ಬಾಯಿ ಅದನ್ನು ಮೀರಿ ಕಾದು ೩೦೦ರ ಹತ್ತಿರ ನೀಲಿಗೆ ತಿರುಗಿತೆಂದರೆ ಗಡಸುತನ ಹೋದಂತೆ. ಮತ್ತೆ ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲದು. ಬೀದಿಯಲ್ಲಿ ಸೈಕಲ್ಲಿನ ಚಕ್ರ ತುಳಿದು ಸಾಣೆಹಿಡಿಯುವವನು ಕತ್ತರಿಗೆ, ಚೂರಿಗೆ ಉಪಕಾರಿ. ಈ ಕತ್ತಿಯನ್ನು ಅವನಿಗೂ ಕೊಡಬಾರದು.

ತುಕ್ಕೇ ಹಿಡಿಯದ ಉಕ್ಕು ಇದ್ದಾಗ ಇಷ್ಟೆಲ್ಲ ಪಾಡೇಕೆ ಎಂದು ಕೆಲವರಾದರೂ ಯೋಚಿಸುತ್ತಿರಬಹುದು. ಇದರ ಹಿಂದೆ ನಮ್ಮ ನಾಡಿಗೂ ಸೇರಿದ ಒಂದು ಕಥೆಯಿದೆ. ಮೈಸೂರು ಸೀಮೆ, ಸೇಲಂ, ತೆಲಂಗಾಣಗಳಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕು ‘ವೂಟ್ಜ್’ ಎಂಬ ಹೆಸರಿನಲ್ಲಿ ಯುರೋಪನ್ನು ಬೆರಗುಗೊಳಿಸಿತ್ತು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತೇ ತಿರುಚಿಕೊಂಡದ್ದೆಂದು ಅನೇಕ ವಿದ್ವಾಂಸರ ಮತ. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಲಂಡನ್ನಿನಲ್ಲಿಯೇ ಕ್ಷೌರಕತ್ತಿ, ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಎಂಬಾತ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕೇ ತನಗೆ ಮೆಚ್ಚೆಂದು ತನ್ನ ಅಂಗಡಿಯ ಚೀಟಿಯ ಮೇಲೆಯೇ ಅಚ್ಚುಹಾಕಿಸಿದ್ದ. ಅವನೂ ತರುಣ ಮೈಕೇಲ್ ಫ್ಯಾರಡೆಯೂ ಕೂಡಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿ ೧೮೨೦, ೧೮೨೨ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹೆಚ್ಚು ಹರಿತವಾದ, ತುಕ್ಕಿಗೆ ಬೇಗ ಬಗ್ಗದ ಉಕ್ಕು ಸಿಕ್ಕೀತೇ ಎಂಬುದು ಅವರ ಹುಡುಕಾಟ. ಕ್ರೋಮಿಯಮ್ಮನ್ನು ಬೆರೆಸಿಯೂ ನೋಡಿದ್ದರು. ಆದರೂ ನೂರಕ್ಕೆ ಸುಮಾರು ೧೩ ಪಾಲು ಕ್ರೋಮಿಯಂ ಸೇರಿದ ತುಕ್ಕುಹಿಡಿಯದ ಉಕ್ಕು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯ ಕೈಯಲ್ಲಿ ಮೂಡಿದ್ದು ೧೯೧೩ರಲ್ಲಿ. ಇಂದಿನ ಬ್ಲೇಡುಗಳೆಲ್ಲ ಆ ವಂಶದವು. ನನ್ನ ಮೇಜಿನ ಮೇಲಿದ್ದದ್ದು ಹಳೆಯ ವಂಶದ ಇಂಗಾಲದುಕ್ಕು. ಕಲ್ಲಿಗೆ ಬೇಗ ಒಲಿಯುತ್ತದೆ, ತೇವಕ್ಕೂ ಅಷ್ಟೇ ಬೇಗ ಒಲಿಯುತ್ತದೆ.

ಮರುದಿನ ಅದರಿಂದ ನನ್ನ ಗಡ್ಡವನ್ನು ಹೆರೆದುಕೊಂಡೆ. ಸದ್ದಿಲ್ಲದೆ ಇಳಿಯಿತು. ಆದರೆ ಎರಡನೆಯ ಚುಕ್ಕೆಯ ಲೆಕ್ಕ ಉಳಿದೇ ಇತ್ತು. ಒಂದು ಮಿಲಿಮೀಟರು ಮೇಲಿದ್ದದ್ದು, ಬಾಯಿ ಮುಕ್ಕಾಲು ಹಿಂದೆ ಸರಿದ ಮೇಲೆ, ಕಾಲು ಮಿಲಿಮೀಟರಿನಷ್ಟು ಹತ್ತಿರ ಬಂದಿತ್ತು. ಹೊಸ ಓರೆಯಂಚಿನ ಒಳಗೇ ಅದರ ಜಾಗ. ಅದರ ಹೊಟ್ಟೆ ಎಷ್ಟು ಅಗಲವೋ ಮಸೂರ ಹೇಳುವುದಿಲ್ಲ. ಅಂಥ ಟೊಳ್ಳಿನ ಮೇಲೆ ನಿಂತ ಅಂಚು ಇಂದು ನಿಲ್ಲುತ್ತದೆ, ಇನ್ನೊಂದು ದಿನ ಪುಡಿಯಾಗುತ್ತದೆ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬ ನಂಬಿಕೆ ನಿಜವಲ್ಲ, ಅದು ಮಣ್ಣಿನಲ್ಲಿರುವ ರೋಗಾಣುವಿನ ಕೆಲಸ. ಆದರೆ ರಕ್ತ, ಕೊಳೆ, ರೋಗಾಣು ಏನೇ ಇರಲಿ, ಕುಳಿಯೊಳಗೆ ಹೊಕ್ಕಿದ್ದನ್ನು ಒರೆಸಿ ತೆಗೆಯುವುದು ಕಷ್ಟ. ದಿನವೂ ಮಸೂರ ಹಿಡಿದು ನೋಡುವ ಮುದುಕನ ಕೆನ್ನೆಗೆ ಈ ಕತ್ತಿ ಸಲ್ಲುತ್ತದೆ. ಅಲುಗಾಡು, ಅಳು ನಿಲ್ಲದ ಎಳೆಮಗುವಿನ ನೆತ್ತಿಗೆ?

ಇದನ್ನು ಅವನಿಗೆ ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಅವನ ತಂದೆಯ ಆಸೆಯ ಮಾತಿತ್ತು. ನನಗೆ ವಿದ್ಯೆ ಕಲಿಸಿದವರ ಕತ್ತಿಯನ್ನು ಅವರ ಮರಿಮಗನ ತಲೆಗೆ ಸಲ್ಲದೆನ್ನಲು ನಾನು ಯಾರು ಎಂಬುದೂ ಇತ್ತು. ಹುಡುಗ ಸಂಜೆ ಬಂದ. ಕತ್ತಿಯನ್ನು ಬಿಚ್ಚಿ, ಹೆಬ್ಬೆರಳಿನ ಉಗುರಿನ ಮೇಲೆ ಬಾಯಿಯನ್ನು ಇಷ್ಟಿಷ್ಟೇ ಎಳೆದ; ಚುಕ್ಕೆಯ ಬಳಿ ತಡೆದು ಹಿಂದಕ್ಕೆಳೆದು ಮತ್ತೊಮ್ಮೆ ಎಳೆದ. ಅರ್ಧ ಬ್ಲೇಡಿನ ಕಾಲದವನಿಗೆ ಆ ಪರೀಕ್ಷೆಯನ್ನು ಯಾರು ಕಲಿಸಿದ್ದರೋ. ಕಿವಿಯ ಬಳಿ ಹಿಡಿದು ಮೀಟಿದ. ನಾದ ಬಂದಿತು. “ಚೆನ್ನಾಗಿ ಬಂದಿದೆ, ಸರ್. ಆದರೆ ಇಲ್ಲಿ ಒಳಗೆ ಏನೋ ಇದೆ. ಅಜ್ಜ ಇದ್ದಿದ್ದರೆ ಇದನ್ನು ಮಗುವಿನ ತಲೆಗೆ ಹಚ್ಚುತ್ತಿರಲಿಲ್ಲ” ಎಂದು ಮಡಿಚಿದ. ಮೇಲೆತ್ತಿ ಹಿಡಿದ ಒಂದು ಎಸಳು ಕೂದಲನ್ನು, ತಲೆಗೆ ತಾಗದಂತೆ, ಇದರಿಂದ ಕೊಯ್ದು, ಮಿಕ್ಕದ್ದನ್ನು ಹೊಸ ಬ್ಲೇಡಿನಲ್ಲಿ ಮುಗಿಸುವುದೆಂದು ಅವನೇ ಗೊತ್ತುಮಾಡಿದ. ಹಾಗೆಯೇ ನಡೆಯಿತು.

ಕತ್ತಿ ಈಗ ಅವರ ಮನೆಯಲ್ಲಿದೆ. ಕೊಳೆಯತೊಡಗಿದ್ದ ಸೆಲ್ಯುಲಾಯ್ಡ್ ಹಿಡಿಯನ್ನು ತೆಗೆಸಿ ಬೀಟೆಮರದ ಹಿಡಿ ಹಾಕಿಸಿದ್ದಾನೆ. ಡಬ್ಬಿಯಲ್ಲಿ ಮುಚ್ಚಿಡಬೇಡವೆಂದೂ, ಮುಟ್ಟಿದಾಗಲೆಲ್ಲ ಬೆರಳಿನ ಬೆವರು ಹೋಗುವಂತೆ ಒಣಬಟ್ಟೆಯಿಂದ ಒರೆಸಿ ತೆಳು ಎಣ್ಣೆ ಸವರಬೇಕೆಂದೂ, ಕೀಲಿನ ಸಂದಿಗೂ ಒಂದು ಹನಿ ಬಿಡಬೇಕೆಂದೂ ಹೇಳಿದ್ದೇನೆ. ಮೂಲಾ ಮಳೆ ಮುಗಿದ ಮೇಲೆ ತಂದು ತೋರಿಸುತ್ತಾನಂತೆ. ಆ ಎರಡನೆಯ ಚುಕ್ಕೆಯ ಸುತ್ತ ಹೊಸ ಕೆಂಪು ಎದ್ದಿದೆಯೇ ಇಲ್ಲವೇ ಎಂದು ಇಬ್ಬರೂ ಮಸೂರ ಹಿಡಿದು ನೋಡುವವರಿದ್ದೇವೆ.